ಅಕ್ಕನನ್ನು ಮೂರು ದಿನ ಮಲಗಿಸಿದವರಿಗೆ

ಸ್ತ್ರೀರೋಗ ವಿಭಾಗದ ಮುಖ್ಯಸ್ಥರೇ,

ಗರ್ಭಕೋಶ ತೆಗೆಸಿಕೊಳ್ಳಲು ನಿಮ್ಮಲ್ಲಿಗೆ ನಡೆದುಕೊಂಡೇ ಬಂದ ನನ್ನ ಅಕ್ಕ ಮೂರು ವಾರ ನಡೆಯಲಾಗದೆ ಉಳಿದಳು. ಶಸ್ತ್ರಚಿಕಿತ್ಸೆಯಲ್ಲಿ ಕೊಂಕು ತೆಗೆಯುವಂತಿಲ್ಲ. ಹೊಲಿಗೆ ನನ್ನ ಕಸುಬು, ನೋಡಿದರೆ ತಿಳಿಯುತ್ತದೆ. ನನ್ನ ತಕರಾರು ಕತ್ತರಿಯ ಬಗ್ಗೆಯಲ್ಲ, ಅದರ ಹಿಂದುಮುಂದಿನ ದಿನಗಳ ಬಗ್ಗೆ.

ನಿಮ್ಮ ವಾರ್ಡಿನ ಬಾಗಿಲಲ್ಲಿ ಗಾಜು ಹಾಕಿಸಿದ ಫಲಕವಿದೆ: ‘ಶೀಘ್ರ ಚೇತರಿಕೆಯ ಆರೈಕೆ’. ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೂ ನೀರು ಕುಡಿಯಬಹುದಂತೆ. ಮೂತ್ರದ ನಳಿಕೆ ಬೇಗ ತೆಗೆಯುತ್ತಾರಂತೆ. ಅದೇ ದಿನ ಎದ್ದು ನಾಲ್ಕು ಹೆಜ್ಜೆ ನಡೆಸುತ್ತಾರಂತೆ. ಅಕ್ಷರಗಳೇನೋ ಬಹಳ ಮುದ್ದಾಗಿವೆ! ಅದರ ಕೆಳಗಿನ ಬೆಂಚಿನಲ್ಲೇ ಅಕ್ಕ ಹಿಂದಿನ ಸಂಜೆಯಿಂದ ಗುಟುಕು ನೀರಿಲ್ಲದೆ ಕೂತಿದ್ದಳು. ಬೆಳಿಗ್ಗೆ ಎಂಟಕ್ಕೆ ಎಂದದ್ದು ಮಧ್ಯಾಹ್ನ ಎರಡಾಯಿತು.

“ತುಟಿ ಒಣಗ್ತಿದೆ ಕಣೇ, ಒಂದೇ ಗುಟುಕು ಕೊಡೇ,” ಎಂದಳು. ನಾನು ಫಲಕ ತೋರಿಸಿ ದಾದಿಯನ್ನು ಕೇಳಿದೆ.

“ಅದು ತಪಾಸಣೆಗೆ ಬರೋ ಅಧಿಕಾರಿಗಳಿಗೆ ಹಾಕಿರೋದಮ್ಮ. ಒಳಗೆ ಯಾವಾಗ ಕರೀತಾರೋ ಯಾರಿಗೆ ಗೊತ್ತು? ನೀರು ಕುಡಿದ್ಲು ಅಂತ ಗೊತ್ತಾದ್ರೆ ಆಪರೇಷನ್ನೇ ನಾಳೆಗೆ ಹೋಗುತ್ತೆ.”

ಆಕೆಯನ್ನು ದೂರಲಾರೆ. ನಲವತ್ತು ಹಾಸಿಗೆಗೆ ಇಬ್ಬರೇ ದಾದಿಯರು. ಒಬ್ಬೊಬ್ಬರನ್ನೂ ಕೈಹಿಡಿದು ನಡೆಸುವವರು ಯಾರು? ಶಸ್ತ್ರಚಿಕಿತ್ಸೆಯ ಬಳಿಕ ಮೂರು ದಿನ ನಳಿಕೆ ಹಾಗೇ ಉಳಿಯಿತು. ಅಕ್ಕ ಏಳಲು ಹೋದಾಗಲೆಲ್ಲ, “ಸುಮ್ನೆ ಮಲಗಮ್ಮ, ಬಿದ್ರೆ ಯಾರು ಹೊಣೆ?” ಎಂಬ ಗದರಿಕೆ. ನಾನೂ ದನಿಗೂಡಿಸಿದೆ: “ಅವ್ರು ಹೇಳಿದ ಹಾಗೆ ಕೇಳೇ.” ಆ ಮಾತು ಈಗಲೂ ನನ್ನನ್ನು ಕೊರೆಯುತ್ತಿದೆ.

ನಾಲ್ಕನೆಯ ದಿನ ಅವಳ ಎಡಗಾಲಿನ ಮೀನಖಂಡ ಊದಿ ಕಲ್ಲಾಗಿತ್ತು. ಒಳಗೆ ರಕ್ತ ಹೆಪ್ಪುಗಟ್ಟಿತ್ತು. “ಪುಣ್ಯ, ಶ್ವಾಸಕೋಶಕ್ಕೆ ಹೋಗಿಲ್ಲ,” ಎಂದರು ಕಿರಿಯ ವೈದ್ಯರು. ನಿಮ್ಮ ಔಷಧಗಳ ಪಟ್ಟಿಯಲ್ಲಿ ಪುಣ್ಯವೂ ಇದೆಯೇ? ದಿನವಿಡೀ ನಿಂತು ಪಾಠ ಹೇಳುತ್ತಿದ್ದ ಶಿಕ್ಷಕಿ ಈಗ ಹತ್ತು ನಿಮಿಷಕ್ಕೊಮ್ಮೆ ಕುರ್ಚಿ ಹುಡುಕುತ್ತಾಳೆ.

‘ಮಲಗಿದ್ದುದೇ ಕಾರಣವೆಂದು ಖಚಿತವಾಗಿ ಹೇಳಲಾಗದು’ ಎಂದು ನನ್ನ ದೂರಿಗೆ ಉತ್ತರಿಸಿದ್ದೀರಿ. ಇರಬಹುದು. ಆದರೆ ಒಮ್ಮೆಯಾದರೂ ಅವಳನ್ನು ಎಬ್ಬಿಸಿ ನಡೆಸಿದ್ದರೆ ಹೀಗೆ ಹೇಳುವ ಹಕ್ಕು ನಿಮಗಿರುತ್ತಿತ್ತು.

ಸರದಿ ತಡವಾದರೆ ವಾರ್ಡಿಗೆ ತಿಳಿಸಿ, ನೀರು ಕೊಡಿಸಿ. ನಳಿಕೆ ತೆಗೆಯುವ ಹೊತ್ತನ್ನು ಪ್ರತಿ ರೋಗಿಯ ಹಾಳೆಯಲ್ಲಿ ಬರೆಸಿ. ನಡೆಸಲು ಜನ ಕೊಡಿ. ಆಗದಿದ್ದರೆ ಹೇಗೆ ನಡೆಸಬೇಕೆಂದು ಮನೆಯವರಿಗೇ ಕಲಿಸಿ. ಇದೆಲ್ಲ ಈ ವಾರದೊಳಗೆ ಆಗಬೇಕು. ನನಗೆ ಆತುರವಿದೆ: ನನ್ನ ಅಂಡಾಶಯದಲ್ಲಿ ಗಡ್ಡೆಯಿದೆಯೆಂದು ಮೊನ್ನೆ ತಿಳಿಯಿತು. ಬರುವ ಮಂಗಳವಾರದ ನಿಮ್ಮ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಮೂರನೆಯ ಹೆಸರು ನನ್ನದು.

ಇಂತಿ,
ಬೇರೆ ದಾರಿಯಿಲ್ಲದೆ ನಿಮ್ಮ ಕೈಗೇ ಮೈಯೊಪ್ಪಿಸಲಿರುವ
ಹೊಲಿಗೆಯವಳು