ಮೋಸೆಲ್ ದಂಡೆಯ ಕರಿಕಲ್ಲು

ಶಂಕ್ರಮ್ಮಕ್ಕನಿಗೆ ತಮ್ಮ ಭಗವಂತರಾಯನ ಶರಣು.

ರೈತರ ತಂಡದೊಂದಿಗೆ ಜರ್ಮನಿ ಮುಟ್ಟಿದ್ದೇನೆ. ಇಲ್ಲಿ ಮೋಸೆಲ್ ನದಿಯ ದಂಡೆಗೆ ಗೋಡೆಯಂತೆ ನಿಂತ ಗುಡ್ಡದ ಮೇಲೆ ದ್ರಾಕ್ಷಿ ಬೆಳೆಯುತ್ತಾರೆ, ಮಣ್ಣಿಗಿಂತ ಕಲ್ಲೇ ಹೆಚ್ಚು. ಇನ್ನೊಬ್ಬರ ಹೊಲಕ್ಕೆ ಹೋದರೆ ನಾಲ್ಕು ಕಲ್ಲು ಆರಿಸಿ ಒಡ್ಡಿಗೆ ಹಾಕುವುದು ನಮ್ಮ ಮುದನಾಳದ ರೂಢಿಯಲ್ಲವೇ? ನಾನೂ ಆರಿಸಿ ಕೆಳಗೆಸೆದೆ.

"ಓಡ್ರಿ ಮಾಸ್ತರ, ಮುದುಕಿ ಬುಟ್ಟಿ ಹಿಡ್ಕೊಂಡು ಬರಾಕತ್ತಾಳ!" ಎಂದ ತಂಡದಲ್ಲಿದ್ದ ಸುರಪುರದ ನಾಗಣ್ಣ.

ತೋಟದೊಡತಿ ಅಷ್ಟೂ ಕಲ್ಲನ್ನು ನನ್ನಿಂದಲೇ ಮೇಲಕ್ಕೆ ಹೊರಿಸಿದಳು. ಆಮೇಲೆ ನನ್ನ ಅಂಗೈಯನ್ನು ಒಂದು ಕಲ್ಲಿನ ಮೇಲಿಟ್ಟಳು. ಹೊತ್ತು ಮುಳುಗಿ ಚಳಿ ಕೊರೆಯುತ್ತಿತ್ತು. ಕಲ್ಲು ಮಾತ್ರ ಒಲೆಯಿಂದಿಳಿಸಿ ಹೊತ್ತಾದ ರೊಟ್ಟಿಹಂಚಿನಂತೆ ಬೆಚ್ಚಗಿತ್ತು. ಹಗಲೆಲ್ಲ ಬಿಸಿಲುಂಡು ಸಂಜೆ ಬಳ್ಳಿಗೆ ಉಣಿಸುತ್ತದಂತೆ. ಬೆರಗಿನಿಂದ ಕೈ ತೆಗೆಯಲಾಗಲಿಲ್ಲ.

ರಾಜಿಗೆಂದು ಅವಳು ವೈನ್ ಸುರಿದು ಕೊಟ್ಟಳು. ಮುಟ್ಟುವುದಿಲ್ಲವೆಂದು ನಿನಗೆ ಕೊಟ್ಟ ಮಾತು ನೆನಪಿತ್ತು. ಬೇಡವೆಂದರೆ ಎರಡನೆಯ ತಪ್ಪಾಗುತ್ತಿತ್ತು. ಒಂದೇ ಗುಟುಕು ಅಕ್ಕ, ಕಾದ ಹೊಲಕ್ಕೆ ಮೊದಲ ಮಳೆ ಬಿದ್ದ ವಾಸನೆ!

ಕಲ್ಲಿನ ಕಾವು ಬಳ್ಳಿಗೆ, ಮೊಣಕಾಲ ನೋವು ನನ್ನ ಪಾಲಿಗೆ, ಉಳಿದಂತೆ ಆರಾಮ. ಜನ್ಮವಿಡೀ ಹೊಲದಿಂದ ಕಲ್ಲು ಹೊರಗೆಸೆದ ನಿನಗೆ, ಅವಳನ್ನು ಕೇಳಿಯೇ, ಒಂದು ಕಲ್ಲು ತರುತ್ತಿದ್ದೇನೆ. ಸಿಟ್ಟು ಬಂದರೆ ಅದರಿಂದಲೇ ಹೊಡೆ.

ನಿನ್ನ ಮಾಸ್ತರ ತಮ್ಮ