ಬರ್ತೇನೆ ಅಂದ ಮೇಲೆ

ನಂತೂರು, ಮಂಗಳೂರು
13 ನವೆಂಬರ್ 1983, ಆದಿತ್ಯವಾರ

ಪ್ರೀತಿಯ ಗುಲಾಬಿ ಅಕ್ಕನಿಗೆ ನಿನ್ನ ತಂಗಿ ಸ್ವರ್ಣಲತಾ ಮಾಡುವ ನಮಸ್ಕಾರಗಳು.

ದೀಪಾವಳಿಗೆ ಮೊದಲೇ ನೀನು ಹಾಕಿದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಎರಡು ಇನ್‌ಲ್ಯಾಂಡ್ ಶುರು ಮಾಡಿ ಹರಿದು ಹಾಕಿದೆ. ಮನಸ್ಸು ನೆಟ್ಟಗಿಲ್ಲದಾಗ ಬರೆದರೆ ಬೊಂಬಾಯಿಯಲ್ಲಿ ಕೂತು ನೀನು ನಿದ್ದೆ ಕೆಡಿಸಿಕೊಳ್ಳುತ್ತೀ ಎಂದು ಸುಮ್ಮನಿದ್ದೆ. ಇವತ್ತೂ ನೆಟ್ಟಗಾಗಿಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರ ಹತ್ತಿರ ಹೇಳಲಿ? ಭಾವನವರ ಬಿ.ಪಿ. ಇಳಿದದ್ದು ಓದಿ ಸಮಾಧಾನವಾಯಿತು. ಹೋಟೆಲಿನವರಿಗೇ ಉಪ್ಪು ಬಿಡಿ ಎಂದ ಡಾಕ್ಟರಿಗೆ ಧೈರ್ಯ ಉಂಟು ಎನ್ನಬೇಕು.

"ಟೀಚರ್ ಕೆಲಸ ಬಿಟ್ಟು ಪ್ರೆಸ್ಸಿಗೆ ಹೋಗ್ತೀಯಂತೆ, ಎಂತ ಕಥೆ?" ಎಂದು ಕೇಳಿದ್ದೀ. ಟೀಚರ್ ಕೆಲಸವನ್ನೇನೂ ಬಿಟ್ಟಿಲ್ಲ. ಈಗ ಮಾಡುತ್ತಿರುವುದಕ್ಕೆ ಇನ್ನೂ ಹೆಸರು ಹುಟ್ಟಿಲ್ಲ, ಅಷ್ಟೆ. ನಮ್ಮ ಬುದ್ಧಿಮಾಂದ್ಯರ ಶಾಲೆ ನಡೆಸುವ ಸಿಸ್ಟರ್ ಜೂನ್ ತಿಂಗಳಲ್ಲಿ ನನ್ನನ್ನು ಕರೆದು, "ಇಪ್ಪತ್ತೈದು, ಮೂವತ್ತು ವರ್ಷದವರನ್ನು ಲಕೋಟೆ ಅಂಟಿಸ್ಲಿಕ್ಕೆ ಕೂರಿಸುದು ಎಷ್ಟು ದಿನ ಸ್ವರ್ಣ ಟೀಚರ್? ಊರಿನಲ್ಲಿ ಕೆಲಸ ಇಲ್ವಾ?" ಎಂದರು. ಹಾಗೆ ಇದು ನನ್ನ ತಲೆಗೆ ಬಂತು. ಮೊದಲು ನಾನೇ ಹೋಗಿ ಒಂದು ಕೆಲಸ ಕಲಿಯಬೇಕು. ಆಮೇಲೆ ನಮ್ಮವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಕಲಿಸಬೇಕು. ಆಮೇಲೆ ಅಲ್ಲಿಂದ ನಾನು ಮಾಯವಾಗಬೇಕು. ಮೊದಲಿನ ಎರಡು ನನಗೆ ಬರುತ್ತವೆ.

ಇದಕ್ಕೆಲ್ಲ ಲೋಕು ಕಾರಣವೋ ಎಂದೂ ಕೇಳಿದ್ದೀ. ಅವನೂ ಇವರ ಹಾಗೇ ಇದ್ದ ಎಂದು ಎಲ್ಲದಕ್ಕೂ ಆ ತೀರಿಹೋದ ಅಣ್ಣನನ್ನು ಎಳೆದು ತರಬೇಡ ಅಕ್ಕ. ಅವನು ಆಶ್ರಮದಲ್ಲಿ ಜ್ವರ ಬಂದು ಸತ್ತು ಇಪ್ಪತ್ತೊಂದು ವರ್ಷವಾಯಿತು. ನನ್ನ ಕೆಲಸ ನನ್ನ ಹೊಟ್ಟೆಪಾಡು.

ಈಗ ನನ್ನ ಕೈಯಲ್ಲಿರುವವನ ಹೆಸರು ಪೌಲ್. ಜೆಪ್ಪಿನವನು, ಇಪ್ಪತ್ತಾರು ವರ್ಷ. ಮನೆಯಲ್ಲಿ ತಾಯಿ ಗೆರ್ಟ್ರೂಡ್ ಬಾಯಿ ಒಬ್ಬರೇ, ನರ್ಸ್ ಆಗಿ ರಿಟೈರ್ ಆದವರು. ಪೌಲ್ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕುತ್ತಾನೆ, ಲೆಕ್ಕ ಇಟ್ಟ ಹಾಗೆ ಮಾತಾಡುತ್ತಾನೆ. ಆಗಸ್ಟಿನಿಂದ ಅವನನ್ನು ಕೊಡಿಯಾಲ್‌ಬೈಲಿನ ಮಹಾಬಲ ರೈಗಳ ಪ್ರೆಸ್ಸಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಪುಸ್ತಕದ ಅಳತೆಗೆ ತರುವುದು ಅವನ ಕೆಲಸ. ನಾನು ಹಾಳೆಯ ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ಚುಕ್ಕಿ ಹಾಕಿಕೊಟ್ಟೆ. ಚುಕ್ಕಿಯ ಮೇಲೆ ಚುಕ್ಕಿ ಕೂರಬೇಕು, ಮಡಿಕೆಯ ಮೇಲೆ ಬಿದಿರಿನ ಪಟ್ಟಿಯನ್ನು ಒಮ್ಮೆ ಎಳೆಯಬೇಕು, ಕೆಟ್ಟ ಹಾಳೆ ಎಡಕ್ಕೆ, ಒಳ್ಳೆಯದು ಬಲಕ್ಕೆ. "ನಾನು ಹೇಳಿದ ಹಾಗೇ ಮಾಡು ಪೌಲ್, ಹೆಚ್ಚೂ ಬೇಡ ಕಮ್ಮಿಯೂ ಬೇಡ" ಎಂದು ದಿನಕ್ಕೆ ನೂರು ಸಲ ಹೇಳಿರಬೇಕು. ಈಗ ಚುಕ್ಕಿಯೂ ಬೇಡ. ನಲವತ್ತು ವರ್ಷ ಬೈಂಡಿಂಗ್ ಮಾಡಿದ ಅದ್ದು ಬ್ಯಾರಿಗಳೇ ಅವನ ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ" ಎಂದರು. ಆ ದಿನ ನಾನು ನೆಲದ ಮೇಲೆ ನಡೆದಿಲ್ಲ.

ಕೆಲಸ ಬಂತು. ನಾನು ಹೊರಡುವುದು ಬಾಕಿ. ಮೊದಲು ಅವನ ಮೇಜಿನಿಂದ ಎದ್ದು ಎದುರಿನ ಮೂಲೆಗೆ ಹೋದೆ, ಆಮೇಲೆ ಹೊರಗಿನ ಬೆಂಚಿಗೆ. ಕಳೆದ ಗುರುವಾರ ಎರಡು ಗಂಟೆಗೆ, "ಬರ್ತೇನೆ ಪೌಲ್, ಚೆಂದ ಮಾಡಿ ಕೆಲಸ ಮಾಡು" ಎಂದು ಬೆನ್ನು ತಟ್ಟಿ ಶಾಲೆಗೆ ಹೋದೆ. ಸಂಜೆ ಅವನು ಎಂದಿನಂತೆ ಜೆಪ್ಪಿನ ಬಸ್ಸು ಹತ್ತಿ ಮನೆಗೆ ಹೋಗಬೇಕಿತ್ತು, ಅದನ್ನೂ ಕಲಿಸಿದ್ದೆ. ನಾಲ್ಕು ಗಂಟೆಗೆ ಪ್ರೆಸ್ಸಿನಿಂದ ಫೋನ್. ಪೌಲ್ ಇಲ್ಲ. ನಾನು ಹೊರಟ ಕೂಡಲೇ ಕೈ ತೊಳೆದು ಗೇಟಿನ ಹತ್ತಿರ ನಿಂತಿದ್ದನಂತೆ. ಒಂದು ಗಂಟೆ ನಿಂತವನು ಆಮೇಲೆ ಕಾಣಿಸಲಿಲ್ಲ.

ನನ್ನ ಸ್ವಭಾವ ನಿನಗೆ ಗೊತ್ತು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು. ಅದ್ದು ಬ್ಯಾರಿಗಳು ಸೈಕಲ್ ಹತ್ತಿದರು, ನಾನು ರಿಕ್ಷಾ. ಜೆಪ್ಪಿನ ಮನೆಯಲ್ಲಿ ಇರಲಿಲ್ಲ. ಗೆರ್ಟ್ರೂಡ್ ಬಾಯಿ ಎದೆ ಹಿಡಿದುಕೊಂಡು ಜಗಲಿಯಲ್ಲೇ ಕೂತುಬಿಟ್ಟರು. ಕೊನೆಗೆ ಅವನು ಸಿಕ್ಕಿದ್ದು ನಂತೂರಿನಲ್ಲಿ, ಬಂದರಿಗೆ ಹೋಗುವ ಲಾರಿಗಳ ನಡುವೆ! ನಾನು ನಂತೂರಿನ ಬಸ್ಸು ಹಿಡಿಯುವುದನ್ನು ದಿನಾ ನೋಡಿದ್ದಾನಲ್ಲ, ಅದೇ ದಾರಿಯಲ್ಲಿ ನಡೆದುಕೊಂಡು ಬಂದಿದ್ದ. ರಸ್ತೆಯ ಅಂಚಿನಲ್ಲಿ ನಿಂತು ಬರುವ ಬಸ್ಸುಗಳ ಒಳಗೆ ಒಂದೊಂದಾಗಿ ಇಣುಕುತ್ತಿದ್ದ. ನನ್ನನ್ನು ಕಂಡು ಗಾಬರಿಯೂ ಇಲ್ಲ, ಅಳುವೂ ಇಲ್ಲ. "ಟೀಚರ್, ತಡ" ಎಂದ. 

ರೈಗಳು ಕೆಟ್ಟವರಲ್ಲ. ಮರುದಿನ ಕರೆದು, "ಅವನ ಕೆಲಸಕ್ಕೆ ನಾನು ಎಂತದೂ ಹೇಳುದಿಲ್ಲ ಟೀಚರ್. ಆದ್ರೆ ಲಾರಿಯ ಅಡಿಗೆ ಬಿದ್ರೆ ನಾನು ಅವನ ತಾಯಿಯ ಮೋರೆ ನೋಡುದು ಹೇಗೆ? ಈ ತಿಂಗಳ ಕೊನೆವರೆಗೆ ನೋಡುವ. ನೀವಿಲ್ಲದೆ ನಿಲ್ತಾನಾದ್ರೆ ನಿಲ್ಲಲಿ. ಇಲ್ಲದಿದ್ರೆ ಕರ್ಕೊಂಡು ಹೋಗಿ" ಎಂದರು. ಅತ್ತ ಗೆರ್ಟ್ರೂಡ್ ಬಾಯಿ ಪರವೂರಿನ ಒಂದು ಆಶ್ರಮಕ್ಕೆ ಬರೆದಿದ್ದಾರೆ. ಜನವರಿಗೆ ಅಲ್ಲಿ ಜಾಗ ಉಂಟಂತೆ. "ನನ್ನ ಹಾರ್ಟ್ ನಂಬ್ಲಿಕ್ಕಾಗುದಿಲ್ಲ ಟೀಚರ್. ಅವನಿಗೆ ಕೆಲಸ ಸಿಕ್ಕಿದ್ರೆ ನನ್ನ ನಂತರ ನನ್ನ ತಂಗಿ ನೋಡಿಕೊಳ್ತಾಳೆ. ದಿನ ಇಡೀ ಮನೆಯಲ್ಲಿದ್ರೆ ಅವಳಿಗೂ ಕಷ್ಟ" ಎಂದರು. ಆಶ್ರಮ ಎಂಬ ಮಾತು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಹದಿನೇಳು ದಿನ ಉಂಟು. ಅವನು ಯಾಕೆ ಎದ್ದು ಹೋದ, ನನಗೆ ಅರ್ಥವಾಗುವುದಿಲ್ಲ. ನಾನಿಲ್ಲದೆ ಅವನಿಗೆ ಆಗುವುದೇ ಇಲ್ಲವೋ? ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಗೆ ಅನ್ನಿಸಿದಾಗ ಒಳಗೊಳಗೇ ಒಂದು ಚೂರು ಖುಷಿಯೂ ಆಯಿತು. ಇಂಥವಳನ್ನು ಸಿಸ್ಟರ್ ನಂಬಿದ್ದಾರೆ ನೋಡು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ದೇವರಲ್ಲಿ ಪೌಲ್‌ನ ಹೆಸರೂ ಹೇಳು.

ನಿನ್ನ
ಸ್ವರ್ಣ


ನಂತೂರು
4 ಡಿಸೆಂಬರ್ 1983, ಆದಿತ್ಯವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಮತ್ತೆ ತಡವಾಯಿತು. "ಬದುಕಿದ್ದೀಯಾ, ಎರಡು ಗೆರೆ ಬರಿ" ಎಂಬ ನಿನ್ನ ಕಾರ್ಡು ಬಂದಾಗ ಬದುಕಿದ್ದೇನೋ ಇಲ್ಲವೋ ನನಗೇ ಸರಿ ಗೊತ್ತಿರಲಿಲ್ಲ. ಈ ಸಲ ಕವರಿನಲ್ಲಿ ಬರೆಯುತ್ತಿದ್ದೇನೆ, ಇನ್‌ಲ್ಯಾಂಡ್ ಸಾಲದು.

ಒಂದು ವಾರ ಮತ್ತೆ ಅವನ ಪಕ್ಕದಲ್ಲೇ ಕೂತೆ. ಇಪ್ಪತ್ತೊಂದಕ್ಕೆ ಇನ್ನೊಮ್ಮೆ ಪರೀಕ್ಷೆ ಮಾಡಿದೆ. "ಬರ್ತೇನೆ ಪೌಲ್" ಎಂದು ಹೊರಗೆ ಬಂದವಳು ಹಿಂದಿನ ಬಾಗಿಲಿನಿಂದ ಪೇಪರ್ ಗೋಡೌನಿಗೆ ನುಗ್ಗಿ, ರೀಮುಗಳ ಸಂದಿನಲ್ಲಿ ಕಳ್ಳಿಯ ಹಾಗೆ ಇಣುಕಿದೆ. ಅವನು ಕೈಯಲ್ಲಿದ್ದ ಹಾಳೆ ಮುಗಿಸಿದ. ಬಿದಿರಿನ ಪಟ್ಟಿಯನ್ನು ಒರೆಸಿ ಡ್ರಾವರಿನಲ್ಲಿಟ್ಟ. ಕೈ ತೊಳೆದ. ಹೋಗಿ ಗೇಟಿನ ಹತ್ತಿರ ನಿಂತ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಹಟವೂ ಇರಲಿಲ್ಲ. ಬಸ್ ಸ್ಟಾಂಡಿಗೆ ನೆಂಟರನ್ನು ಕರೆತರಲು ಹೋದವರ ಮುಖ ಇರುತ್ತದಲ್ಲ, ಹಾಗೆ ಇತ್ತು.

ಅದ್ದು ಬ್ಯಾರಿಗಳು ಅವನನ್ನು ಮಾತಾಡಿಸಿ ಬಂದು, ರೀಮುಗಳ ಹಿಂದೆ ನನ್ನನ್ನು ಕಂಡು, ನಗುವುದೋ ಬೈಯುವುದೋ ತಿಳಿಯದೆ ನಿಂತರು. "ಅಲ್ಲ ಟೀಚರೇ, ಅವನದ್ದು ಎಂತ ತಪ್ಪು? 'ಟೀಚರ್ ಬರ್ತಾರೆ, ಹೇಳಿದ್ದಾರೆ' ಅಂತಾನೆ. ನೀವು ಬರ್ತೇನೆ ಅಂತ ಹೇಳಿ ಹೋಗುದು. ನಮಗಾದ್ರೆ ಅದು ಹೋಗುವವರ ಮಾತು ಅಂತ ಗೊತ್ತುಂಟು. ಅವ ನಿಜ ಅಂತ ಕಾಯುದು ಮಾರಾಯ್ರೆ!"

ನಾನು ಅಲ್ಲೇ ರೀಮಿನ ಮೇಲೆ ಕೂತೆ. ಮಾತು ಮನೆ ಕೆಡಿಸಿತು ಎನ್ನುವುದು ಇದಕ್ಕೇ. ಹೇಳಿದ ಹಾಗೇ ಮಾಡು ಎಂದು ಮೂರು ತಿಂಗಳು ಕಲಿಸಿದವಳು ನಾನು. ಹೇಳಿದ ಹಾಗೆ ಮಾಡದವಳೂ ನಾನೇ. ಜೆಪ್ಪಿಗೆ ಹೋಗಿ ಹೇಳಿದಾಗ ಗೆರ್ಟ್ರೂಡ್ ಬಾಯಿ, "ಹೌದು ಟೀಚರ್. ಡ್ಯೂಟಿಗೆ ಹೋಗುವಾಗ ನಾನು ಯೆತಾಂ ಅಂತ ಹೇಳಿ ಹೋಗುದು. ಒಂದು ದಿನವೂ ಬಾರದೆ ಇರ್ಲಿಲ್ಲ ಅಲ್ಲವಾ" ಎಂದರು. ಅವರ ಕೊಂಕಣಿಯಲ್ಲೂ ಹೊರಡುವ ಮಾತು ಬರುತ್ತೇನೆ ಎಂದೇ.

ಹಾಗಾದರೆ ನಾನು ಹೋಗ್ತೇನೆ ಎನ್ನಬೇಕು. ಸುಲಭ ಎಂದುಕೊಂಡೆಯಾ? ಚಿಕ್ಕಂದಿನಲ್ಲಿ ಶಾಲೆಗೆ ಹೊರಟವಳು ಅದನ್ನೇ ತುಳುವಿನಲ್ಲಿ "ಪೋಪೆ" ಎಂದು ಬಾಯಿತಪ್ಪಿ ಹೇಳಿದ್ದಕ್ಕೆ ಅಜ್ಜಿ ಬಾಯಿಗೆ ಹೊಡೆದು, "ಹಾಗೆ ಹೇಳುದು ಸಾಯುವವರು, ಬರ್ಪೆ ಅನ್ನು" ಎಂದದ್ದು ನಿನಗೆ ನೆನಪಿರಬಹುದು. ನಲವತ್ತು ಹತ್ತಿರ ಬಂದರೂ ಆ ಪೆಟ್ಟು ತುಟಿಯ ಮೇಲೆ ಉಂಟು. ಒಂದು ವಾರ ಕನ್ನಡಿಯ ಎದುರು, ಬಾವಿಕಟ್ಟೆಯಲ್ಲಿ, "ಹೋಗ್ತೇನೆ, ಹೋಗ್ತೇನೆ" ಎಂದು ಅಭ್ಯಾಸ ಮಾಡಿದೆ. ಪಕ್ಕದ ಮನೆಯ ರತ್ನಾವತಿ, "ಎಲ್ಲಿಗೆ ಮಾರಾಯ್ತಿ?" ಎಂದು ಕೇಳಿಯೇಬಿಟ್ಟಳು.

ಇಪ್ಪತ್ತೆಂಟಕ್ಕೆ, ಸೋಮವಾರ, ಎರಡು ಗಂಟೆಗೆ ಅವನ ಎದುರು ನಿಂತೆ. ಮೂರು ದಿನ ಬಾಕಿ.

"ಪೌಲ್, ನಾನು ಹೋಗ್ತೇನೆ."

ಅವನ ಕೈ ನಿಂತಿತು. "ಬರ್ತೀರಿ."

"ಇವತ್ತು ಬರುದಿಲ್ಲ. ನೀನು ಐದು ಗಂಟೆವರೆಗೆ ಮಡಿಸಬೇಕು, ಮತ್ತೆ ಜೆಪ್ಪಿನ ಬಸ್ಸು."

"ನಾಳೆ?"

"ನಾಳೆಯೂ ಬರುದಿಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಬರ್ತೇನೆ."

ಅವನು ನನ್ನ ಮುಖ ನೋಡಿದ ಅಕ್ಕ. ಇಷ್ಟು ದಿನದಲ್ಲಿ ಹಾಗೆ ನೋಡಿದ್ದಿಲ್ಲ. ನಾನು ಹೊರಗೆ ಬಂದು ಮತ್ತೆ ಗೋಡೌನ್ ಸೇರಿದೆ. ಅವನು ಅಳುತ್ತಿದ್ದ. ಸ್ವರ ಇಲ್ಲದ ಅಳು, ಎರಡು ಕೈಯೂ ಮೇಜಿನ ಮೇಲೆ. ಓಡಿಹೋಗಿ ಬರ್ತೇನೆ ಪೌಲ್, ಬರ್ತೇನೆ ಎಂದುಬಿಡೋಣ ಎನ್ನಿಸಿ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅದ್ದು ಬ್ಯಾರಿಗಳು ಅವನ ಹತ್ತಿರ ಹೋಗಲಿಲ್ಲ, ಗೋಂದು ಹಚ್ಚುತ್ತಾ ಇದ್ದರು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ. ಆಮೇಲೆ ಪೌಲ್ ತೋಳಿನಿಂದ ಮುಖ ಒರೆಸಿಕೊಂಡು ಎದುರಿನ ಹಾಳೆ ನೋಡಿದ. ಕಣ್ಣೀರು ಬಿದ್ದು ಶಾಯಿ ಹರಡಿತ್ತು. ಕೆಟ್ಟ ಹಾಳೆ ಎಡಕ್ಕೆ. ಅದನ್ನು ಎಡಕ್ಕಿಟ್ಟು ಮುಂದಿನ ಹಾಳೆ ತೆಗೆದುಕೊಂಡ.

ಮೂರು ದಿನವೂ ನಿಂತ. ಬುಧವಾರ ರೈಗಳು ಹಾಜರಿ ಪುಸ್ತಕದಲ್ಲಿ ಅವನ ಹೆಸರು ಬರೆಸಿದರು. ಸಹಿ ಹಾಕು ಎಂದರೆ ಅಪ್ಪನ ಹೆಸರನ್ನೂ ಸೇರಿಸಿ ಪೂರ್ತಿ ಬರೆದನಂತೆ, ಪಕ್ಕದವರ ಜಾಗಕ್ಕೂ ಹೋಯಿತಂತೆ.

ನನ್ನ ಹೆದರಿಕೆ ಮುಗಿಯಿತು ಎಂದುಕೊಂಡೆಯಾ? ಶುಕ್ರವಾರದ ನಾಲ್ಕು ಗಂಟೆ ಉಂಟಲ್ಲ! ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇಳಿದು, ಸೀರೆಯ ನೆರಿಗೆ ಕೈಯಲ್ಲಿ ಹಿಡಿದು, ಈ ವಯಸ್ಸಿನಲ್ಲಿ ಕೊಡಿಯಾಲ್‌ಬೈಲಿನವರೆಗೆ ಓಡಿದೆ. ಕಾಲೇಜಿನ ಮಕ್ಕಳು ನಗುತ್ತಿದ್ದರು. ಪೌಲ್ ಗೇಟಿನಲ್ಲಿದ್ದ. ಗಡಿಯಾರದ ಕಡೆ ತಿರುಗಿ ನೋಡಿ, "ಐದು ನಿಮಿಷ" ಎಂದ. ಹೌದು, ತಪ್ಪಾಯಿತು ಎಂದೆ. ಕ್ಷಮಿಸಿದನೆಂದು ಕಾಣುತ್ತದೆ, ಒಳಗೆ ಕರೆದುಕೊಂಡು ಹೋಗಿ ತಾನು ಮಡಿಸಿದ ಹಾಳೆಗಳ ಕಟ್ಟು ತೋರಿಸಿದ. ನಿನ್ನೆ ಗೆರ್ಟ್ರೂಡ್ ಬಾಯಿ ಆ ಆಶ್ರಮಕ್ಕೆ ಜಾಗ ಬೇಡವೆಂದು ಬರೆದ ಕಾಗದವನ್ನು ನನ್ನ ಕೈಯಲ್ಲೇ ಪೋಸ್ಟ್ ಮಾಡಿಸಿದರು. ಡಬ್ಬಿಯೊಳಗೆ ಬಿತ್ತೋ ಇಲ್ಲವೋ ಎಂದು ಕೈ ಹಾಕಿ ನೋಡಿದೆ.

ಭಾವನವರು ಉಪ್ಪು ಕದ್ದು ತಿನ್ನದಂತೆ ನೋಡಿಕೋ. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಓದಲಿ, ಆಯುಷ್ಯವಂತರಾಗಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ
ಸ್ವರ್ಣ

ತಾ.ಕ. ಕವರು ಅಂಟಿಸಿ ಮತ್ತೆ ಬಿಡಿಸಿದೆ. ಲೋಕು ಕಾರಣವೋ ಎಂದು ನೀನು ಕೇಳಿದ್ದಕ್ಕೆ ಸಿಡುಕಿದೆ, ಅದಕ್ಕೆ ಉತ್ತರ ಬರೆಯುತ್ತೇನೆ. ಆಗ ನೀನು ಮದುವೆಯಾಗಿ ಬೊಂಬಾಯಿಯಲ್ಲಿದ್ದೆ. ಅವನು ನನ್ನ ಮಾತು ಮಾತ್ರ ಕೇಳುತ್ತಿದ್ದನಲ್ಲ, ಹಾಗಾಗಿ ಆಶ್ರಮಕ್ಕೆ ಬಿಡಲು ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ನಗುತ್ತಾ ಒಳಗೆ ಹೋದ, ನಮ್ಮನ್ನು ಅಲ್ಲೇ ಮರೆತ ಎಂದು ನಿನಗೂ ಅಮ್ಮನಿಗೂ ಹೇಳಿದೆವು. ನಗುತ್ತಾ ಒಳಗೆ ಹೋದದ್ದು ನಿಜ. ಯಾಕೆಂದರೆ ಗೇಟಿನಲ್ಲಿ ನಾನು "ಬರ್ಪೆ ಲೋಕು" ಎಂದಿದ್ದೆ.

ಹನ್ನೊಂದು ತಿಂಗಳ ಮೇಲೆ ಅವನ ಟ್ರಂಕು ತರಲು ಹೋದಾಗ ಅಲ್ಲಿಯ ಅಡುಗೆಯವಳು ನನ್ನನ್ನು ನೋಡಿ, "ಸ್ವರ್ಣ ಅಂದ್ರೆ ನೀನಾ?" ಎಂದು ಕೇಳಿದಳು. ಅವನು ಪ್ರತಿ ಸಂಜೆ ಗೇಟಿನಲ್ಲಿ ನಿಲ್ಲುತ್ತಿದ್ದನಂತೆ. ಚಹಾಕ್ಕೆ ಕರೆದರೂ ಬರುತ್ತಿರಲಿಲ್ಲವಂತೆ. ಸ್ವರ್ಣ ಬರ್ತಾಳೆ, ಹೇಳಿದ್ದಾಳೆ ಎನ್ನುತ್ತಿದ್ದನಂತೆ. ಮಳೆಯಲ್ಲೂ ನಿಂತ. ಆ ಜ್ವರ ಅದರಿಂದ ಬಂದದ್ದು. ಅಮ್ಮನಿಗೆ ಹೇಳಬೇಡ ಎಂದು ಅಪ್ಪ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದರು. ಅಮ್ಮನಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ.

ಪೌಲ್ ಹತ್ತೇ ನಿಮಿಷ ಅತ್ತದ್ದು, ಅಕ್ಕ. ನಾನು ಅವತ್ತು "ಪೋಪೆ" ಎಂದಿದ್ದರೆ ಲೋಕುವೂ ಅಷ್ಟೇ ಹೊತ್ತು ಅತ್ತು, ಕಣ್ಣೊರೆಸಿಕೊಂಡು, ಒಳಗೆ ಹೋಗಿ ಚಹಾ ಕುಡಿಯುತ್ತಿದ್ದನೋ ಏನೋ.