ಬೆಚ್ಚಗಿದೆ ಎಂದು ಬರೆದವಳು

ಜನವರಿ ೧೨, ಭಾನುವಾರ

ಮುದ್ದು ಮರಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು, ಎರಡನೆಯದೂ ಮೊನ್ನೆ ಬಂತು. ಬೈಯಬೇಡ, ಬರೆಯಲು ಕೂತಾಗಲೆಲ್ಲ ಕೈ ಓಡುತ್ತಿರಲಿಲ್ಲ. ಕೆಳಮನೆಯ ಟೈಲರಮ್ಮ ನಿನ್ನನ್ನು ಕೇಳುತ್ತಲೇ ಇರುತ್ತಾಳೆ.

ನಾನು ಕಳಿಸಿದ ನಮ್ಮ ಕಾರ್ಖಾನೆಯ ಬೂಟು ಹಾಕಿಕೊಳ್ಳಬೇಡ. ಹಿಮದಲ್ಲಿ ಮನೆಮನೆಗೆ ಅಂಚೆ ಹಂಚುವವಳು ನೀನು; ಇವತ್ತೇ ಬೇರೆ ಕೊಂಡುಕೊ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಹೆಂಗಸರ ಚಳಿಗಾಲದ ಬೂಟು ತೊಟ್ಟು, ಥಂಡಿ ಕೋಣೆಯಲ್ಲಿ ಐಸ್ ನೀರಿನ ತೊಟ್ಟಿಯೊಳಗೆ ಎರಡು ಗಂಟೆ ನಿಲ್ಲುವುದು. ಅರ್ಧ ಗಂಟೆಗೊಮ್ಮೆ ಚೀಟಿಯಲ್ಲಿ ‘ಬೆಚ್ಚಗಿದೆ’ ಅಥವಾ ‘ತಣ್ಣಗಾಯಿತು’ ಎಂದು ಬರೆಯುವುದು. ಉಳಿದವರು ಹಲ್ಲು ಕಟಕಟಿಸುತ್ತ ಹೊರಬಂದರೂ ನಾನು ನಿಂತೇ ಇರುತ್ತಿದ್ದೆ. ಸೂಪರ್‌ವೈಸರ್ ನನ್ನನ್ನು ಒಲೆಯಮ್ಮ ಎಂದೇ ಕರೆಯುತ್ತಿದ್ದ. ನನಗೂ ಒಳಗೊಳಗೇ ಜಂಬ.

ಹೋದ ತಿಂಗಳು ಬೂಟು ಬಿಚ್ಚಿ ಕಾಲುಚೀಲ ಹಿಂಡಿದರೆ ನೀರು ಸುರಿಯಿತು. ಬೆರಳು ಬಿಳಿಚಿಕೊಂಡಿದ್ದವು. ನಾನು ಮೂರು ಸಲ ‘ಬೆಚ್ಚಗಿದೆ’ ಎಂದು ಬರೆದಾಗಿತ್ತು. ಆಸ್ಪತ್ರೆಗೆ ಹೋದರೆ ಡಾಕ್ಟರಮ್ಮ ಅಂಗಾಲಿಗೆ ಸೂಜಿ ಚುಚ್ಚುತ್ತ ಹೋದರು. ಯಾವಾಗ ಚುಚ್ಚುತ್ತಾರೋ ಎಂದು ನಾನು ಕಾಯುತ್ತಲೇ ಇದ್ದೆ. ಸಕ್ಕರೆ ಕಾಯಿಲೆ ನರಗಳನ್ನು ತಿಂದು ಎರಡು ವರ್ಷವಾದರೂ ಆಗಿರಬೇಕಂತೆ.

ಮಾರನೆಯ ದಿನ ಸೂಪರ್‌ವೈಸರ್‌ಗೆ ಎಲ್ಲ ಹೇಳಿ, ನಾನು ಪಾಸು ಮಾಡಿದ್ದನ್ನೆಲ್ಲ ಮತ್ತೆ ನೋಡಿಸಿ ಎಂದೆ. ಆತ ಬಾಗಿಲು ಮುಂದೆ ಮಾಡಿದ.

“ಎಲ್ಲಾ ಚೀಟಿ ಮೇಲೂ ನಿಮ್ ಸಹಿನೇ ಇದೆಯಲ್ಲಮ್ಮ. ಬಾಯಿ ಬಿಟ್ರೆ ಮೊದ್ಲು ಸಿಕ್ಕಿಹಾಕ್ಕೊಳ್ಳೋದು ನೀವೇ. ಸುಮ್ನೆ ಹೋಗಿ ನಿಂತ್ಕೊಳ್ಳಿ.”

ಹೋಗಿ ನಿಂತೆ, ಮರಿ. ಹದಿನೆಂಟು ದಿನ ನಿಂತೆ, ಹದಿನೆಂಟು ದಿನ ‘ಬೆಚ್ಚಗಿದೆ’ ಎಂದು ಬರೆದೆ. ಬೀದಿಯಲ್ಲಿ ಆ ಬೂಟು ತೊಟ್ಟವಳು ಎದುರಾದರೆ ಆಚೆ ಬದಿಗೆ ದಾಟಿಬಿಡುತ್ತಿದ್ದೆ. ಅಷ್ಟರಲ್ಲಿ ನಿನ್ನ ಎರಡನೆಯ ಕಾಗದ ಬಂತು: ‘ಬೂಟು ಒಳಗೆ ಒದ್ದೆಯಾಗುತ್ತೆ ಅಮ್ಮ. ಆದ್ರೆ ನೀನೇ ನೋಡಿ ಕಳಿಸಿದ್ದಲ್ವಾ, ನನ್ನ ಕಾಲೇ ಬೆವರ್ತಿರಬೇಕು.’

ಕಾರ್ಖಾನೆಯ ಯಜಮಾನರಿಗೂ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಎರಡು ಕಾಗದವನ್ನೂ ಒಟ್ಟಿಗೇ ಅಂಚೆ ಡಬ್ಬಿಗೆ ಹಾಕುತ್ತೇನೆ. ನಾಳೆ ಎಂದಿನಂತೆ ತೊಟ್ಟಿಗೆ ಇಳಿಯಬೇಕು, ಇನ್ನೆಲ್ಲಿಗೆ ಹೋಗಲಿ?

ನಿನ್ನ ಕಾಲಿಗೆ ಒಂದು ಮುಳ್ಳೂ ತಾಗದಿರಲಿ, ಕಂದ.

ನಿನ್ನ ಅಮ್ಮ

ಇನ್ನೊಂದು ಮಾತು: ಹೋದ ಸಲ ಬಂದಾಗ ನನ್ನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಒತ್ತುತ್ತ, ಹಿತವಾಗಿದೆಯಾ ಎಂದು ಕೇಳಿದೆಯಲ್ಲ. ಹೌದು ಎಂದೆ. ನಿನ್ನ ಕೈ ಮುಟ್ಟಿದ್ದೇ ನನಗೆ ತಿಳಿಯುತ್ತಿರಲಿಲ್ಲ. ಬೂಟು ಕಳಿಸಿದ್ದು ಅದಾದ ಮೇಲೆ.